ಹುಳಿ ಕೊಟ್ಟ ಕೈ

ಹೇಸ್, ಲಂಡನ್
೧೬ ಫೆಬ್ರವರಿ ೨೦೨೫, ರವಿವಾರ

ಚಿರಂಜೀವಿ ಸೃಷ್ಟಿಗೆ,

ನಿನ್ನ ಆಯಿ ಗುರುದೇವಿ ಮಾಡುವ ಆಶೀರ್ವಾದ. ಇಲ್ಲಿ ಎಲ್ಲ ನೆಟ್ಟಗಿದೆ, ನನ್ನ ಮೊಣಕಾಲು ಒಂದನ್ನು ಬಿಟ್ಟು. ನೀನು ಕಾಲೇಜಿಗೆ ಹೋಗುವಾಗ ವಿಳಾಸ ಬರೆದು ತಿಕೀಟು ಹಚ್ಚಿ ಇಟ್ಟುಹೋದ ಲಕೋಟೆಗಳಲ್ಲಿ ಇದು ಮೊದಲನೆಯದು. ಫೋನಿನಲ್ಲಿ ನಿನ್ನ ಮಾತು ನನಗೆ ಕೇಳಿಸುವುದಿಲ್ಲ. ಕೇಳಿಸಲಿ ಅಂತ ನಿಮ್ಮಪ್ಪ ಸ್ಪೀಕರ್ ಹಚ್ಚಿದರೆ ಓಣಿಗೆಲ್ಲ ಕೇಳಿಸುತ್ತದೆ. ಕಾಗದವೇ ಪಾಡು. ನಾಲ್ಕನೇ ಇಯತ್ತೆಯವರೆಗೆ ಕಲಿತದ್ದು ಈ ಮುಪ್ಪಿನಲ್ಲಿ ಸ್ಕಾಟ್ಲಂಡಿಗೆ ಬರೆಯಲಿಕ್ಕೆ ಉಪಯೋಗಕ್ಕೆ ಬಂತು ನೋಡು.

ನಿಮ್ಮಪ್ಪ ಸಂಗಮೇಶ ಏರ್‌ಪೋರ್ಟ್ ಹತ್ತಿರದ ಗೋದಾಮಿಗೆ ಹೋಗುತ್ತಾನೆ, ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಹಡೆದ ತಾಯಿಗೆ ಒಂದು ಮಾತು ಹೇಳಬೇಕಂದರೂ ಅವನ ಬಾಯಿಗೆ ಬಾಡಿಗೆ ಕೊಡಬೇಕು. ನಿಮ್ಮವ್ವನದು ಇನ್ನೊಂದು ತರಹ. ನನ್ನ ಸೊಸೆ ಸೌಜನ್ಯಾಗೆ ಈ ನಲವತ್ಮೂರನೇ ವಯಸ್ಸಿನಲ್ಲಿ ಚಿಪ್ಸ್ ಹುಚ್ಚು ಹಿಡಿದಿದೆ. ನಾನು ಬಡಿದ ರೊಟ್ಟಿ ಬೇಡ, ಪುಂಡಿಪಲ್ಯ ಬೇಡ. ಆಫೀಸಿನಿಂದ ಬರುವಾಗ ಮೀನು ಕರಿಯುವ ಮೂಲೆಯ ಅಂಗಡಿಯಿಂದ ಬಿಸಿ ಬಿಸಿ ಆಲೂಗಡ್ಡೆ ಚಿಪ್ಸ್ ಕಟ್ಟಿಸಿಕೊಂಡು ಬರುತ್ತಾಳೆ. ಅದರ ಮೇಲೆ ಆ ಕಂದು ನೀರು, ನೀವು ವಿನೆಗರ್ ಅಂತೀರಲ್ಲ, ನಮ್ಮ ಕಡೆಯ ಸಿರ್ಕಾ, ಅದನ್ನು ಕಾಗದ ತೊಯ್ದು ಹರಿಯುವಷ್ಟು ಸುರಿದುಕೊಂಡಿರುತ್ತಾಳೆ. ಸಾಲದೆಂದು ಅಡುಗೆಮನೆಯಲ್ಲಿ ಅದರದೊಂದು ಬಾಟ್ಲಿ ಬೇರೆ.

ನಿನ್ನೆ "ಅತ್ತಿ, ನಿಮಗೂ ಒಂದೆರಡು ಕೊಡ್ಲೇನ್ರಿ?" ಅಂದಳು.

"ಉಳಿದಾವ ನಾಕ ಹಲ್ಲ. ಅವನ್ನೂ ಕರಗಸಬೇಕಂತೀಯೇನು?" ಅಂದೆ.

ಮಾರಿ ಸಪ್ಪಗೆ ಮಾಡಿಕೊಂಡು ಮೇಲಿನ ಕೋಣೆಗೆ ಹೋದಳು. ನಾನೇನು ಅಂಥಾದ್ದು ಅಂದೆ, ನೀನೇ ಹೇಳು.

ಅಲ್ಲಿ ಏನು ಕಲಿಯುತ್ತೀ ಎಂದು ಬರೆ. ಇಂಗ್ಲಿಷರ ದೇಶದಲ್ಲಿ ಹುಟ್ಟಿ ಗ್ರೀಕ್ ಕಲಿಯುವವಳು ನಮ್ಮ ತಿಕೋಟಾ ಮಂದಿಯಲ್ಲಿ ನೀನೊಬ್ಬಳೇ. ಕೇಳಿದವರಿಗೆ ನಾನು ಕಂಪ್ಯೂಟರ್ ಅಂತಲೇ ಹೇಳಿದ್ದೇನೆ.

ನಿನ್ನ ಆಯಿ

ಎಡಿನ್‌ಬರೋ
೨೦ ಫೆಬ್ರವರಿ ೨೦೨೫

ಪ್ರೀತಿಯ ಆಯಿ,

ನಮಸ್ಕಾರಗಳು. ನಿನ್ನ ಪತ್ರವನ್ನು ಎರಡು ಸಲ ಓದಿದೆನು. ರವಿವಾರದ ಕನ್ನಡ ಶಾಲೆಯ ಟೀಚರ್ ನೋಡಿದ್ದರೆ ಸಂತೋಷಪಡುತ್ತಿದ್ದರು. ನನ್ನ ಕನ್ನಡದಲ್ಲಿ ತಪ್ಪು ಇದ್ದರೆ ನಗಬೇಡ.

ನಾನು ಈಗ ಒಂದೇ ಒಂದು ಶಬ್ದದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಆ ಶಬ್ದ ಒಕ್ಸೊಸ್. ಹಳೆಯ ಕಾಲದ ಗ್ರೀಕರು ವಿನೆಗರಿಗೂ ಹಾಗೇ ಹೇಳುತ್ತಿದ್ದರು, ಹುಳಿ ಹಿಡಿದ ದ್ರಾಕ್ಷಿ ಮದ್ಯಕ್ಕೂ ಹಾಗೇ ಹೇಳುತ್ತಿದ್ದರು. ಬಡವರು ಮತ್ತು ಸಿಪಾಯಿಗಳು ಅದನ್ನು ಕುಡಿಯುತ್ತಿದ್ದರು. ಕ್ರಿಸ್ತನನ್ನು ಶಿಲುಬೆಗೆ ಹಾಕಿದಾಗ ಅವನಿಗೆ ಬಾಯಾರಿಕೆ ಆಯಿತು. ಆಗ ಒಬ್ಬನು ಸ್ಪಂಜನ್ನು ಒಕ್ಸೊಸ್‌ನಲ್ಲಿ ಅದ್ದಿ, ಕೋಲಿಗೆ ಸಿಕ್ಕಿಸಿ, ಅವನ ಬಾಯಿಗೆ ಹಿಡಿದನು. ಆ ಸಿಪಾಯಿ ಕರುಣೆಯಿಂದ ಕೊಟ್ಟನೋ, ಅಣಕಿಸಲು ಕೊಟ್ಟನೋ? ನಮ್ಮ ಪ್ರೊಫೆಸರುಗಳು ಇದಕ್ಕಾಗಿ ಜಗಳವಾಡುತ್ತಾರೆ. ನನಗೂ ತಿಳಿಯುತ್ತಿಲ್ಲ. ನನ್ನ ಕಿಟಕಿಯ ತುಂಬ ನಾನಾ ತರಹದ ವಿನೆಗರ್ ಬಾಟ್ಲಿಗಳಿವೆ. ರುಚಿ ತಿಳಿಯಲಿ ಎಂದು ಒಂದೊಂದನ್ನೂ ಕುಡಿದು ನೋಡುತ್ತೇನೆ. ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ. ಪಪ್ಪಾಗೆ ಹೇಳಬೇಡ.

ಇನ್ನೊಂದು ವಿಷಯ ಕೇಳಬೇಕು. ನಿಮ್ಮ ಊರಲ್ಲಿ ಬಸುರಿಯರಿಗೆ ಹುಳಿ ಯಾರು ಕೊಡುತ್ತಿದ್ದರು? ಮಂದಿ ನಗುವಂಥ ಸ್ಥಿತಿಯಲ್ಲಿ ಒಬ್ಬಳು ಬಸುರಾದರೆ ಮನೆಯ ಹಿರಿಯಳು ಏನು ಮಾಡುತ್ತಿದ್ದಳು? ಸುಮ್ಮನೆ ಕೇಳಿದೆ. ಪ್ರಬಂಧಕ್ಕೆ ಬೇಕು.

ಮಮ್ಮಿಯನ್ನು ಬೈಯಬೇಡ. ಅವಳು ಚಿಪ್ಸ್ ತಿನ್ನಲಿ.

ನಿನ್ನ ಸೃಷ್ಟಿ

ಹೇಸ್
೨೪ ಫೆಬ್ರವರಿ ೨೦೨೫

ಸೃಷ್ಟಿ,

ನಿನ್ನ ಕಾಗದ ಓದಿ ಮಂಚದ ಮೇಲೆ ಕೂತವಳು ಬಹಳ ಹೊತ್ತು ಏಳಲಿಲ್ಲ. ಸೌಜನ್ಯಾ ಬಂದು "ಅತ್ತಿ, ಮೈಯಾಗ ಆರಾಮಿಲ್ಲೇನ್ರಿ?" ಎಂದು ಕೇಳಿದಳು.

"ನನಗೇನಾಗೇತಿ? ಆಗೂದೆಲ್ಲಾ ಬ್ಯಾರೇದವರಿಗೆ ಆಗೇತಿ. ಮುಚ್ಚಿಟ್ರ ಎಷ್ಟ ದಿನಾ ಮುಚ್ಚತೈತಿ?" ಅಂದೆ.

ಅವಳ ಮಾರಿ ಸುಣ್ಣವಾಯಿತು. ತಾಯಿ ಅಲ್ಲವೇ, ಮಗಳ ಮೇಲೆ ಅವಳಿಗೂ ಸಂಶಯ ಬಂದಿರಬೇಕು.

ನಾನು ಶಾಣ್ಯಾಕಿ ಅಲ್ಲ, ಖರೆ ಕುರುಡಿಯೂ ಅಲ್ಲ. ಕಿಟಕಿ ತುಂಬ ಹುಳಿ ಬಾಟ್ಲಿ. ಬೆಳಿಗ್ಗೆ ಹೊಟ್ಟೆ ತೊಳಸುವುದು. ಅಪ್ಪನಿಗೆ ಹೇಳಬೇಡ ಅನ್ನುವುದು. ಮೇಲೆ ಮಂದಿ ನಗುವ ಬಸುರಿನ ಸುದ್ದಿ. ಇದಕ್ಕೆಲ್ಲ ಪ್ರಬಂಧ ಅಂತ ಹೆಸರಿಟ್ಟೆಯಲ್ಲ, ಖೋಡಿ! ನಾಲ್ಕು ಹಡೆದವಳಿಗೆ ಇದನ್ನು ಓದಿ ಹೇಳಲಿಕ್ಕೆ ಪ್ರೊಫೆಸರ್ ಬೇಕೇ? ಆ ಸಿಪಾಯಿ ಯಾರು? ಕೋಲು, ಸ್ಪಂಜು ಅಂತ ಏನೇನೋ ಬರೆದಿದ್ದೀ, ನನಗೆ ತಲೆಬುಡ ಹತ್ತಲಿಲ್ಲ. ಕ್ರಿಸ್ತನ ಕಾಲದವನನ್ನು ಬಿಡು, ಈಗಿನವನ ಹೆಸರು ಹೇಳು. ನಮ್ಮ ಪೈಕಿಯವನೋ, ಬಿಳಿಯವನೋ? ಲಗ್ನ ಆಗುತ್ತೇನೆ ಅಂದಿದ್ದಾನೋ, ಇಲ್ಲವೋ?

ಈಗ ಬೈಯುವುದಿಲ್ಲ. ಆಮೇಲೆ ಕೂತು ಸಾವಕಾಶ ಬೈಯುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ನಮ್ಮ ಕಡೆ ಬಸುರಿಗೆ ಎರಡು ಸಲ ಕುಬಸ ಮಾಡುತ್ತಾರೆ. ದೊಡ್ಡ ಕುಬಸ ಊರಿಗೆಲ್ಲ ಗೊತ್ತಾಗುವಂಥದ್ದು, ಊಟ, ಆರತಿ, ಹಾಡು. ಅದಕ್ಕಿಂತ ಮೊದಲು, ಹೊಟ್ಟೆ ಇನ್ನೂ ಕಾಣದಿರುವಾಗ, ಕಳ್ಳ ಕುಬಸ. ಅದು ಯಾರಿಗೂ ಗೊತ್ತಾಗಬಾರದು. ನಮ್ಮ ಮನೆತನದಲ್ಲಿ ಹಿರಿಯ ಹೆಂಗಸು ಬಾಗಿಲು ಮುಂದೆ ಮಾಡಿ, ಬಸುರಿಯ ಉಡಿಯಲ್ಲಿ ಹಸಿರು ಖಣ ಇಟ್ಟು, ಕೈಗೆ ಹಸಿರು ಬಳೆ ಏರಿಸಿ, ತನ್ನ ಕೈಯಾರೆ ಬಾಯಿಗೆ ಹುಳಿ ಇಡುತ್ತಿದ್ದಳು. ನಗುವವರು ಹೊರಗೆ ನಗಲಿ, ಒಳಗೆ ನಾನೊಬ್ಬಳಿದ್ದೇನೆ ಅಂತ ಅದರ ಅರ್ಥ. ನನಗೆ ನಮ್ಮತ್ತೆ ಮಾಡಿದ್ದಳು. ಆಕೆಯ ಬಾಯಿಯ ಮುಂದೆ ನನ್ನದು ಬೆಣ್ಣೆ.

ನಿನ್ನಲ್ಲಿಗೆ ಬರಲು ಮೊಣಕಾಲು ಕೇಳುವುದಿಲ್ಲ. ಅದಕ್ಕೆ ಟಪಾಲಿನಲ್ಲಿ ಮಾಡುತ್ತಿದ್ದೇನೆ. ಬಸ್ಸು ಬದಲಿಸಿ ಕಿಂಗ್ಸ್‌ಬರಿಗೆ ಹೋಗಿ ಹಸಿರು ಬಳೆ ತಂದೆ. ಖಣ ನನ್ನ ಟ್ರಂಕಿನದು, ಗುಳೇದಗುಡ್ಡದ್ದು, ನಿಮ್ಮಜ್ಜ ದಾನಪ್ಪ ಬದುಕಿದ್ದಾಗ ತಂದದ್ದು. ಚಿಗಳಿ ನಾನೇ ಕುಟ್ಟಿ ಕಡ್ಡಿಗೆ ಹಚ್ಚಿದ್ದೇನೆ, ಹುಣಸೆಹಣ್ಣು, ಬೆಲ್ಲ, ಜೀರಿಗೆ, ಚೂರು ಖಾರ. ಆ ಬಾಟ್ಲಿಯ ಹುಳಿ ಕುಡಿಯಬೇಡ, ಕರುಳು ಸುಟ್ಟೀತು. ಇದನ್ನು ಚೀಪು. ಯಾರಿಗೂ ತೋರಿಸಬೇಡ. ಮುಂದಿನದನ್ನು ಮುಂದೆ ನೋಡೋಣ.

ಪೆಟ್ಟಿಗೆಯನ್ನು ಈಗಷ್ಟೇ ಬೇರೆಯಾಗಿ ಕಳಿಸಿ ಬಂದೆ. ಪೋಸ್ಟಾಫೀಸಿನವಳು ಅದರಲ್ಲಿ ಏನಿದೆ ಎಂದು ಕೇಳಿದಳು. "ಬ್ಯಾಂಗಲ್" ಅಂದೆ. ಅಷ್ಟು ಇಂಗ್ಲಿಷ್ ಸಾಕಾಯಿತು.

ಆಯಿ

ಎಡಿನ್‌ಬರೋ
೪ ಮಾರ್ಚ್ ೨೦೨೫

ಪ್ರೀತಿಯ ಆಯಿ,

ಪಾರ್ಸೆಲ್ ಬಂತು. ಪೆಟ್ಟಿಗೆ ತೆರೆದಾಗ ನಿನ್ನ ಟ್ರಂಕಿನ ವಾಸನೆ ಬಂತು. ನನಗೆ ಅಳು ಬಂತು, ನಗುವೂ ಬಂತು.

ನೀನು ಕೇಳಿದ ಪ್ರಶ್ನೆಗಳಿಗೆ ಈಗ ಉತ್ತರ ಕೊಡಲಾರೆ. ನಾನು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ನೀನು ಒಂದು ಪ್ರಶ್ನೆಗೆ ಉತ್ತರ ಕೊಡು. ನಾನಲ್ಲದೆ ಬೇರೆ ಯಾರಾದರೂ ಆಗಿದ್ದರೂ ನೀನು ಹೀಗೆ ಖಣ, ಬಳೆ, ಚಿಗಳಿ ಕೊಡುತ್ತಿದ್ದೆಯಾ?

ಖಣವನ್ನು ಕುತ್ತಿಗೆಗೆ ಸುತ್ತಿಕೊಂಡು ಕ್ಲಾಸಿಗೆ ಹೋದೆ. ಅದರ ಅರ್ಥ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಹೆದರಬೇಡ. ಚಿಗಳಿಯನ್ನು ನನ್ನ ಪ್ರೊಫೆಸರ್ ಕೂಡ ಚೀಪಿದರು. ಬಳೆಗಳಲ್ಲಿ ಒಂದು ಒಡೆಯಿತು, ಕ್ಷಮಿಸು. ಎಲ್ಲವನ್ನೂ ಹಾಸಿಗೆಯ ಮೇಲೆ ಇಟ್ಟು ಫೋಟೋ ತೆಗೆದು ಮಮ್ಮಿಗೆ ಮಾತ್ರ ಕಳಿಸಿದ್ದೇನೆ. "ನೋಡು, ಆಯಿ ಕಳಿಸಿದ್ದು" ಎಂದು ಬರೆದೆ. ಅವಳಿಗೆ ಧೈರ್ಯ ಬರುತ್ತದೆ ಎಂದು ಅಂದುಕೊಂಡಿದ್ದೇನೆ.

ಒಕ್ಸೊಸ್ ಬಗ್ಗೆ ಒಂದು ಹೊಸ ಸುದ್ದಿ. ಅದು "ಹರಿತ" ಎಂಬ ಗ್ರೀಕ್ ಶಬ್ದದ ತಂಗಿ. ಕತ್ತಿಯ ಅಲಗು ಹರಿತ, ಹುಳಿಯೂ ಹರಿತ. ಇದನ್ನು ಓದಿದಾಗ ನನಗೆ ನಿನ್ನ ನಾಲಗೆ ನೆನಪಾಯಿತು. ಸಿಟ್ಟಾಗಬೇಡ.

ನಿನ್ನ ಸೃಷ್ಟಿ

ಹೇಸ್
೮ ಮಾರ್ಚ್ ೨೦೨೫

ಸೃಷ್ಟಿ,

ಕಳ್ಳ ಕುಬಸದ ಖಣವನ್ನು ಕೊರಳಿಗೆ ಸುತ್ತಿಕೊಂಡು ಮೆರೆದವಳು ಭೂಮಿಯ ಮೇಲೆ ನೀನೊಬ್ಬಳೇ ಇರಬೇಕು. ಚಿಗಳಿಯನ್ನು ಪ್ರೊಫೆಸರ್ ಚೀಪಿದನಂತೆ. ಅವನಿಗೆ ಎಷ್ಟು ತಿಂಗಳು?

ನೀನು ಕೇಳಿದ್ದು ನನಗೆ ಅರ್ಥವಾಗಲಿಲ್ಲ. ಬೇರೆ ಯಾರಾದರೂ ಅಂದರೆ ಯಾರು? ಓಣಿಯ ಬಸುರಿಯರಿಗೆಲ್ಲ ಕೊಡಲಿಕ್ಕೆ ನನ್ನ ಟ್ರಂಕೇನು ಅರಿವೆ ಅಂಗಡಿಯೇ? ನಮ್ಮ ಮನೆಯವಳಾದರೆ ಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಹಡೆಯುವ ವಯಸ್ಸಿನವಳು ನೀನೊಬ್ಬಳೇ. ಮತ್ತೆ ಯಾರಿಗೆ ಮಾತು ಕೊಟ್ಟಿದ್ದೀ? ಆ ಸಿಪಾಯಿಗೋ?

ಇಲ್ಲಿ ನಿಮ್ಮವ್ವನ ಸುದ್ದಿ ಬಗೆಹರಿಯದಂತಾಗಿದೆ. ನಿನ್ನ ಫೋಟೋ ನೋಡಿದ ದಿನದಿಂದ ನನ್ನ ಮುಖ ನೋಡುವುದಿಲ್ಲ. ಚಿಪ್ಸ್ ಬಂದಾಯಿತು. ಅಡುಗೆಮನೆಯ ಸಿರ್ಕಾ ಬಾಟ್ಲಿ ಕಸದ ಡಬ್ಬಿಗೆ ಬಿತ್ತು. ಒಂದು ತುತ್ತು ಅನ್ನ ಉಣ್ಣುತ್ತಾಳೆ, ಎದ್ದು ಹೋಗುತ್ತಾಳೆ.

"ಯಾಕವಾ, ಚಿಪ್ಸಿನ ಅಂಗಡಿ ದಿವಾಳಿ ಎದ್ದೀತೇನು?" ಎಂದು ಕೇಳಿದೆ. ನಗಲಿ ಅಂತಲೇ ಕೇಳಿದ್ದು.

"ಇಲ್ರಿ ಅತ್ತಿ. ನಗೋರ ಬಾಯಿಗೆ ಬೀಳಬಾರ್ದಂತ ನಾನ ಬಿಟ್ಟೀನಿ."

"ಯಾರ ನಕ್ಕಾರ?"

"ನೀವು ಕಳಿಸಿದ್ದು ನೋಡೀನ್ರಿ. ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಮುಟ್ಟೇತಿ" ಅಂದು ಬಾಗಿಲು ಹಾಕಿಕೊಂಡಳು.

ಮುಟ್ಟಬೇಕಾದವಳು ನೀನು, ನಿನಗೆ ಮುಟ್ಟಿದೆ. ಅದಕ್ಕೆ ಇವಳೇಕೆ ಬಾಗಿಲು ಹಾಕಿಕೊಳ್ಳಬೇಕು? ಮಗಳ ಸುದ್ದಿ ತನಗಿಂತ ಮೊದಲು ನನಗೆ ಗೊತ್ತಾಯಿತೆಂದು ಸಿಟ್ಟೋ? ನಿಮ್ಮಪ್ಪನನ್ನು ಕೇಳಿದರೆ "ಆಕಿನ್ನ ಬಿಡಬೇ, ದಣದಾಳ" ಅಂದು ಫೋನು ನೋಡುತ್ತ ಕೂತ.

ಹೋದ ರವಿವಾರ ಎಜ್‌ವೇರಿನ ಡಾಕ್ಟರ್ ಮೀರಾ ಊಟಕ್ಕೆ ಕರೆದಿದ್ದಳು. ನಿನಗೆ ಗೊತ್ತಲ್ಲ, ಮೈಸೂರಿನವಳು. ಸೌಜನ್ಯಾ ಬರಲಿಲ್ಲ. ನಾನು ಮೀರಾನನ್ನು ಒಂದು ಕಡೆ ಕರೆದು, ಹೆಸರು ಹೇಳದೆ, ನಮ್ಮ ಮನೆಯಲ್ಲಿ ಹೀಗೊಂದು ಬಸುರು, ಮಂದಿಗೆ ಗೊತ್ತಾದರೆ ನಗುತ್ತಾರೆ, ಏನು ಮಾಡಲಿ ಎಂದು ಕೇಳಿದೆ.

ಅವಳು ನನ್ನ ಕೈ ಹಿಡಿದುಕೊಂಡು, "ಅಜ್ಜಿ, ನೀವು ಏನೂ ಮಾಡೋದ್ ಬೇಡ. ಸ್ವಲ್ಪ ಬಾಯಿ ಕಮ್ಮಿ ಮಾಡಿ, ಅಷ್ಟು ಸಾಕು. ಅವರೇ ನಿಮ್ಮ ಹತ್ರ ಬರ್ತಾರೆ" ಅಂದಳು.

ಔಷಧ ಹೇಳು ಅಂದರೆ ಬಾಯಿ ಮುಚ್ಚು ಅಂತಾಳೆ. ಸರಕಾರದ ದವಾಖಾನೆಯಲ್ಲಿ ಇದಕ್ಕೇ ಪಗಾರ ಕೊಡುತ್ತಾರೇನು?

ನಿನ್ನ ಶಬ್ದದ ಬಗ್ಗೆಯೂ ಯೋಚಿಸಿದೆ. ತಿಕೋಟಾದಲ್ಲಿ ನಮ್ಮ ಸುತ್ತ ಎಲ್ಲ ದ್ರಾಕ್ಷಿ ತೋಟವೇ. ಕೊಳೆತ ಹಣ್ಣಿನ ರಸ ಬುಟ್ಟಿಯ ಕೆಳಗೆ ಸೋರಿ ಹುಳಿ ವಾಸನೆ ಹೊಡೆಯುತ್ತಿತ್ತು. ಅದಕ್ಕೆ ನಾವು ಹೆಸರಿಟ್ಟಿರಲಿಲ್ಲ, ನೀರು ಹೊಡೆದು ತೊಳೆಯುತ್ತಿದ್ದೆವು. ಗ್ರೀಕರಿಗೆ ಬೇರೆ ಕೆಲಸವಿರಲಿಲ್ಲವೋ ಏನೋ.

ನನ್ನ ನಾಲಗೆ ಕತ್ತಿಯ ಅಲಗು ಅಂತ ಬರೆದಿದ್ದೀ. ಓದಿಕೊಂಡೆ.

ಆಯಿ

ಎಡಿನ್‌ಬರೋ
೧೧ ಮಾರ್ಚ್ ೨೦೨೫, ಮಂಗಳವಾರ

ಆಯಿ,

ಇದನ್ನು ನಾಳೆಯೇ ಮುಟ್ಟುವ ಟಪಾಲಿನಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಿ ಕೂಗಿ ಹೇಳುವ ಮಾತಲ್ಲ.

ಬಸುರಿ ನಾನಲ್ಲ. ಮಮ್ಮಿ.

ಯಾವ ಸಿಪಾಯಿಯೂ ಇಲ್ಲ. ಪ್ರಬಂಧ ನಿಜವಾದದ್ದು, ಬಾಟ್ಲಿಗಳೂ ಪ್ರಬಂಧಕ್ಕಾಗಿಯೇ. ಆದರೆ ಬಸುರಿಯ ಬಗ್ಗೆ ಕೇಳಿದ್ದು ಮಮ್ಮಿಗಾಗಿ. ಅವಳು ನನಗೂ ಪಪ್ಪಾಗೂ ಮಾತ್ರ ಹೇಳಿದ್ದಳು. ಪಪ್ಪಾ "ನಿನಗ ಹೆಂಗ ಅನಸತೈತೋ ಹಂಗ ಮಾಡು" ಎಂದು ಹೇಳಿ ಕೆಲಸಕ್ಕೆ ಹೋದನಂತೆ. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. "ಕಾಲೇಜಿಗೆ ಹೋಗೋ ಮಗಳನ್ನ ಇಟಗೊಂಡು ಬಸರಾಗೀನಿ ಅಂದ್ರ ಅತ್ತಿ ಏನಂತಾರ? ಮಂದಿ ನಕ್ಕರ ತಡಕೋತೀನಿ, ಅವರು ನಕ್ಕರ ನನಗ ಆಗಂಗಿಲ್ಲ" ಎಂದು ಅತ್ತಳು.

ನೀನು ನನ್ನನ್ನು ಬಸುರಿ ಎಂದು ತಿಳಿದಾಗ ನಾನು ಇಲ್ಲ ಎನ್ನಲಿಲ್ಲ. ನೀನು ಏನು ಮಾಡುತ್ತೀ ಎಂದು ನೋಡಿದೆ. ನೀನು ಖಣ ಕಳಿಸಿದೆ. ನನಗೆ ಬಹಳ ಸಂತೋಷವಾಯಿತು, ಅದಕ್ಕೆ ಫೋಟೋ ಕಳಿಸಿದೆ. ಆದರೆ ಮಮ್ಮಿ ಬೇರೆ ತಿಳಿದುಕೊಂಡಳು. ನಿನಗೆ ಎಲ್ಲ ಗೊತ್ತಾಗಿದೆ, ಅವಳನ್ನು ಚುಚ್ಚಲಿಕ್ಕೆಂದೇ ಅವಳಿಗೆ ಕೊಡಬೇಕಾದ ಖಣವನ್ನು ಮಗಳಿಗೆ ಕಳಿಸಿ ನಾಚಿಕೆ ಪಡಿಸಿದ್ದೀ ಎಂದು. ನಾನು ಹೇಳಿದರೆ ನಂಬುವುದಿಲ್ಲ. "ನಿಮ್ಮ ಆಯಿನ್ನ ನೀ ಬಲ್ಲಿಯೋ, ನಾ ಬಲ್ಲೆನೋ?" ಎನ್ನುತ್ತಾಳೆ.

ಅವಳಿಗೆ ಈ ಮಗು ಬೇಕು ಎಂದೇ ನನಗೆ ಅನಿಸಿತ್ತು. ಹುಟ್ಟುವುದು ಗಂಡಾದರೆ ಏನು ಹೆಸರು ಎಂದು ನನ್ನನ್ನೇ ಕೇಳಿದ್ದಳು. ಈಗ ಶುಕ್ರವಾರ ಡಾಕ್ಟರ ಹತ್ತಿರ ಹೋಗಿ ಬೇಡ ಎಂದು ಹೇಳಿ ಬರುತ್ತೇನೆ ಎನ್ನುತ್ತಾಳೆ. ಮನಸ್ಸಿನಿಂದ ಬೇಡವಾದರೆ ಸರಿ, ಅದು ಅವಳ ಇಷ್ಟ. ನಿನ್ನ ನಗುವಿಗೆ ಹೆದರಿ ಬೇಡ ಎನ್ನಬಾರದು.

ಏನು ಮಾಡಬೇಕು ನನಗೆ ಗೊತ್ತಿಲ್ಲ ಆಯಿ. ನೀನೇ ಅಲ್ಲಿರುವವಳು.

ಸೃಷ್ಟಿ

ಹೇಸ್
೧೫ ಮಾರ್ಚ್ ೨೦೨೫

ಚಿರಂಜೀವಿ ಸೃಷ್ಟಿಗೆ,

ಆಯಿಯ ಆಶೀರ್ವಾದ, ಮತ್ತು ಬೆನ್ನಿಗೆರಡು ಗುದ್ದು. ಗುದ್ದು ಯಾಕೆಂದು ನಿನಗೆ ಗೊತ್ತು.

ನಿನ್ನ ಕಾಗದ ಬುಧವಾರ ಮುಟ್ಟಿತು. ಕೂತೆ, ಎದ್ದೆ, ಮತ್ತೆ ಕೂತೆ. ಮೂಗಿನ ಮುಂದೆ ಕೂತು ಸಿರ್ಕಾ ನೆಕ್ಕುತ್ತಿದ್ದವಳನ್ನು ಬಿಟ್ಟು ಸ್ಕಾಟ್ಲಂಡಿಗೆ ಬಳೆ ಕಳಿಸಿದ ಮುದುಕಿ ನಾನು. ಯಾರಿಗೆ ಹೇಳಲಿ?

ಸೊಸೆಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒಳ್ಳೆಯ ಮಾತು ಎದೆಯಿಂದ ಹೊರಡುವಾಗ ಒಳ್ಳೆಯದೇ ಇರುತ್ತದೆ, ಬಾಯಿಗೆ ಬರುವಷ್ಟರಲ್ಲಿ ಬೇರೆ ಆಗಿರುತ್ತದೆ. ಕುಬಸ ಮಾಡೋಣವೆಂದರೆ ಖಣ ನಿನ್ನ ಕೊರಳಲ್ಲಿದೆ, ಚಿಗಳಿ ಪ್ರೊಫೆಸರನ ಹೊಟ್ಟೆಯಲ್ಲಿದೆ. ಟ್ರಂಕು ತೆಗೆದು ನೋಡಿದೆ. ಬರೀ ನುಸಿಗುಳಿಗೆ.

ಗುರುವಾರ ಅವಳು ಆಫೀಸಿನಿಂದ ಬರುವ ಮೊದಲು ಶಾಲು ಹೊದ್ದು ಮೂಲೆಯ ಅಂಗಡಿಗೆ ಹೋದೆ. ಇಷ್ಟು ವರ್ಷ ಈ ಓಣಿಯಲ್ಲಿದ್ದು ಒಂದು ದಿನ ಅದರ ಹೊಸ್ತಿಲು ತುಳಿದಿರಲಿಲ್ಲ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ "ಚಿಪ್ಸ್" ಅಂದೆ. ಬೋಳು ತಲೆಯವನು ಏನೋ ಕೇಳಿದ. ನಾನು ಸಿರ್ಕಾ ಬಾಟ್ಲಿ ತೋರಿಸಿದೆ. ಚಿಮುಕಿಸಿದ. "ಮೋರ್" ಅಂದೆ. ಮತ್ತೆ ಚಿಮುಕಿಸಿದ. "ಮೋರ್" ಅಂದೆ. ಅವನು ಬಾಟ್ಲಿಯನ್ನು ನನ್ನ ಕೈಗೇ ಕೊಟ್ಟುಬಿಟ್ಟ.

ಶಾಲಿನ ಕೆಳಗೆ ಮುಚ್ಚಿಕೊಂಡು ಬಂದೆ. ಸೌಜನ್ಯಾ ಬಂದು ಕೋಟು ತೆಗೆಯುತ್ತಿದ್ದಂತೆ ಅವಳ ಹಿಂದೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಪೊಟ್ಟಣ ಅವಳ ಮುಂದೆ ಹಿಡಿದೆ.

"ಏನ್ರಿ ಇದು ಅತ್ತಿ?"

"ಕಣ್ಣಿಗೆ ಕಾಣವಲ್ದೇನು? ಚಿಪ್ಸ."

"ಎಲ್ಲಾ ಗೊತ್ತಾಗೇತಿ ನಿಮಗ. ಇನ್ನೂ ನಗಾಕ ತಂದೀರೇನ್ರಿ?"

"ನಗಾಕ ಆಗಿದ್ರ ಕುಂತಲ್ಲೇ ನಗತಿದ್ದೆ. ಈ ಮೊಣಕಾಲ ಎಳಕೊಂಡು ಅಂಗಡಿತನಕಾ ಯಾಕ ಹೋಗಲಿ?"

ಅವಳು ಮಂಚದ ಮೇಲೆ ಕೂತಳು. "ಮತ್ತ ಸೃಷ್ಟಿಗೆ ಖಣ ಕಳಿಸಿದ್ದು?"

"ಆಕಿ ಬಸರಾಗ್ಯಾಳಂತ ತಿಳಕೊಂಡಿದ್ನೆವಾ! ಹಡೆಯೋರು ಯಾರು, ಓದೋರು ಯಾರು ತಿಳೀದ ಮುದುಕಿ ನಾನು. ನಗೂದಿದ್ರ ನೀ ನಗು ನನ್ನ ನೋಡಿ."

ನಗಲಿಲ್ಲ. ಪೊಟ್ಟಣ ಇಸಿದುಕೊಂಡು ಉಡಿಯಲ್ಲಿ ಇಟ್ಟುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಈ ವಯಸ್ಸಿನ್ಯಾಗ ಮಂದಿ ಏನಂತಾರ್ರಿ ಅತ್ತಿ?" ಅಂದಳು.

"ಅಂತಾರ. ನಾನೂ ಒಂದೆರಡ ಅಂತೀನಿ, ನನ್ನ ಬಾಯಿ ನಿನಗೇನ ಹೊಸಾದಲ್ಲ. ಹುಟ್ಟಿದ್ರ ಆ ಕೂಸಿಗೂ ಅಂತೀನಿ. ಬ್ಯಾಡಂದ್ರ ನಿನ್ನ ಹೊಟ್ಟಿ, ನಿನ್ನ ಮನಸ್ಸು. ಖರೆ, ನನಗ ಅಂಜಿ ಏನೂ ಮಾಡಬ್ಯಾಡ. ಬಾಯಿ ತಗಿ ಮೊದಲ, ಆರತಾವ."

ತೊಯ್ದು ಮೆತ್ತಗಾದ ಒಂದು ಚಿಪ್ಸನ್ನು ನಾನೇ ಅವಳ ಬಾಯಿಗೆ ಇಟ್ಟೆ. ಸಿರ್ಕಾ ನನ್ನ ಮೊಣಕೈಯವರೆಗೆ ಇಳಿಯಿತು. ಅವಳು ಅಗಿಯುತ್ತಿದ್ದಳು, ಕಣ್ಣಿನಿಂದ ನೀರು ಬರುತ್ತಿತ್ತು. ಹುಳಿಯ ಘಾಟಿಗೋ ಮತ್ತೆ ಯಾತಕ್ಕೋ ನನಗೆ ತಿಳಿಯಲಿಲ್ಲ. ಪೊಟ್ಟಣ ಖಾಲಿಯಾಗುವವರೆಗೆ ಒಂದೊಂದೇ ಇಟ್ಟೆ. ಒಂದೆರಡು ನಾನೂ ತಿಂದೆ. ನಿನ್ನ ಗ್ರೀಕರ ನಾಲಗೆಗೆ ದೊಡ್ಡ ನಮಸ್ಕಾರ.

ಶುಕ್ರವಾರ ಬೆಳಿಗ್ಗೆ "ಅತ್ತಿ, ನೀವೂ ಬರ್ತೀರೇನ್ರಿ?" ಅಂದಳು. ಹೋದೆ. ಅವಳು ಒಳಗೆ ಹೋದಳು, ನಾನು ಹೊರಗೆ ಖುರ್ಚಿಯಲ್ಲಿ ಕೂತೆ. ದೇವರನ್ನು ಏನೆಂದು ಬೇಡಬೇಕು? ಉಳಿಯಲಿ ಅನ್ನಲೋ, ಅವಳ ಮನಸ್ಸಿನಂತಾಗಲಿ ಅನ್ನಲೋ? ಎರಡೂ ಅನ್ನಲಾಗದೆ ಬರೇ ಶಿವಶಿವಾ ಅನ್ನುತ್ತ ಕೂತೆ. ಹೊರಗೆ ಬಂದಳು. ಅವಳ ಮುಖ ನೋಡಿ ಏನೂ ಗೊತ್ತಾಗಲಿಲ್ಲ. ಕೇಳಲು ಬಾಯಿ ತೆರೆದವಳು ಮೀರಾ ಹೇಳಿದ್ದು ನೆನಪಾಗಿ ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಬಸ್ಸಿನಲ್ಲಿ ನಮ್ಮ ಸ್ಟಾಪು ಇನ್ನೇನು ಬರಬೇಕು, ಆಗ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು:

"ಆ ಖಣ ಸೃಷ್ಟಿ ಕಡೇನ ಐತೇನ್ರಿ?"

"ಐತಿ. ಕೊಳ್ಳಿಗೆ ಸುತಗೊಂಡು ಮೆರಿಯಾಕತ್ತಾಳ."

"ತರಸ್ರಿ" ಅಂದಳು.

ಅಷ್ಟೇ. ಇಳಿಯುವಾಗ ನನ್ನ ಕೈ ಹಿಡಿದುಕೊಂಡಳು, ನನ್ನ ಮೊಣಕಾಲಿಗಾಗಿಯೋ ತನಗಾಗಿಯೋ.

ನಿನ್ನ ಸಿಪಾಯಿಯ ಸುದ್ದಿ ನನಗಿನ್ನೂ ಬಗೆಹರಿದಿಲ್ಲ. ಚಿಪ್ಸ್ ಹಿಡಿದು ಬಾಗಿಲಲ್ಲಿ ನಿಂತಾಗ ನನ್ನ ಮನಸ್ಸಿನಲ್ಲಿ ಏನಿತ್ತೆಂದು ನನಗೇ ಸರಿಯಾಗಿ ಹೇಳಲು ಬರುವುದಿಲ್ಲ. ಸಾವಿರಾರು ವರ್ಷ ಹಿಂದಿನವನ ಮನಸ್ಸು ನನಗೇನು ಗೊತ್ತು? ನಿನ್ನ ಪ್ರೊಫೆಸರುಗಳು ಜಗಳವಾಡಲಿ.

ಖಣವನ್ನು ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಮಡಚಿ ಕಳಿಸು. ಅದು ನಿನ್ನದಲ್ಲ. ಬಳೆ ನೀನೇ ಇಟ್ಟುಕೋ. ನಾಳೆ ಕಿಂಗ್ಸ್‌ಬರಿಗೆ ಹೋಗಿ ಬೇರೆ ತರುತ್ತೇನೆ, ನಿಮ್ಮವ್ವನ ಕೈ ನಿನ್ನ ಕೈಗಿಂತ ದಪ್ಪ.

ಆಯಿ